ಹಾಲಪ್ಪನ ಬಾವಿ

ಹಾಲಪ್ಪನ ಬಾವಿ ಎಂಬುದೊಂದು ಇರಲಿಲ್ಲ. ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ಗಿರಮಿಟ್ ತಿನ್ನುತ್ತ ಕುಳಿತಾಗ ಅದನ್ನು ನಾನೇ ಹುಟ್ಟಿಸಿದೆ. ನಮ್ಮಲ್ಲಿಗೆ ಬರುವ ರೋಗಿಯ ತಲೆಯೊಳಗೆ ಯಾವ ಕಾಲದ ಯೋಚನೆ ನಡೆಯುತ್ತಿದೆ ಎಂದು ತಿಳಿಯಲು, ಯಂತ್ರ ಹಚ್ಚುವ ಮೊದಲೇ ಕೇಳಬಹುದಾದ ಒಂದು ಸುಲಭದ ಪ್ರಶ್ನೆ ನನಗೆ ಬೇಕಾಗಿತ್ತು. ಊರಿನ ಹೆಸರು ಮಾತ್ರ ನಮ್ಮೂರಿನದೇ. ನಾನು ಬರೆದದ್ದು ಇಷ್ಟು: ‘ಹಿರೇಬಾಸೂರಿನ ಬಾವಿಗಳ ನೀರೆಲ್ಲ ಸವುಳು. ಹಾಲಪ್ಪನ ಬಾವಿ ಹಿರೇಬಾಸೂರಿನಲ್ಲಿದೆ. ಹಾಗಾದರೆ ಹಾಲಪ್ಪನ ಬಾವಿಯ ನೀರು ಹೇಗಿದೆ?’

ಯಾವ ಕಾಲದ ಯೋಚನೆ ಎಂದರೆ ಏನೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಮನುಷ್ಯ ಎಲ್ಲ ಕಾಲಕ್ಕೂ ಒಂದೇ ರೀತಿ ಯೋಚಿಸಿದವನಲ್ಲ. ಕಾಡಿನಲ್ಲಿದ್ದಾಗ ಅವನ ಪಾಲಿಗೆ ಕಲ್ಲು, ಮರ, ಮೋಡ ಎಲ್ಲಕ್ಕೂ ಜೀವವಿತ್ತು. ಮೋಡ ತಡಮಾಡಿದರೆ ಅದಕ್ಕೆ ಸಿಟ್ಟು ಬಂದಿದೆ ಎಂದೇ ಅರ್ಥ. ಬಿತ್ತಿ ಬೆಳೆಯಲು ಕಲಿತ ಮೇಲೆ ಕತೆ, ಗಾದೆ, ಹಾಡುಗಳು ಅವನ ತಲೆಯನ್ನು ನಡೆಸಿದವು. ಆಮೇಲೆ ಬರಹ ಬಂತು, ಗ್ರಂಥ ಬಂತು, ರಾಜ ಬಂದ, ಗುರು ಬಂದ. ‘ದೊಡ್ಡವರು ಹೇಳಿದ್ದಾರೆ’ ಎನ್ನುವುದೇ ಕೊನೆಯ ಮಾತಾಯಿತು. ಯಾರೇ ಹೇಳಲಿ, ಅಳೆದು ನೋಡೋಣ ಎನ್ನುವ ಚಟ ಹತ್ತಿದ್ದು ಕೆಲವೇ ನೂರು ವರ್ಷಗಳ ಹಿಂದೆ. ಈಗ ನಮ್ಮದು ಕಿವಿಯ ಹಿಂದೆ ಅಂಟಿಸಿಕೊಂಡ ‘ಸಂಗಾತಿ’ಯನ್ನು ಕೇಳುವ ಕಾಲ. ಮಳೆ ಬರುತ್ತದೋ, ಗಂಡು ಒಳ್ಳೆಯವನೋ, ಪಲ್ಯಕ್ಕೆ ಉಪ್ಪು ಸಾಕೋ, ಎಲ್ಲವನ್ನೂ ಅದು ಹೇಳುತ್ತದೆ.

ನಮ್ಮ ಪ್ರಯೋಗಾಲಯ ಕಂಡುಹಿಡಿದದ್ದು ಏನೆಂದರೆ, ಈ ಐದೂ ಕಾಲಗಳು ಪ್ರತಿಯೊಬ್ಬರ ಮಿದುಳಿನಲ್ಲಿ ಐದು ಬೇರೆಬೇರೆ ಹಾದಿಗಳಾಗಿ ಉಳಿದಿವೆ. ತಾಗಿದ ಮೇಜಿಗೆ ಹೊಡೆಯುವ ಮಗು ಕಾಡಿನ ಕಾಲದಲ್ಲಿರುತ್ತದೆ. ಅಜ್ಜಿಯ ಕತೆ ಕೇಳುವಾಗ ಒಂದು ಮೆಟ್ಟಿಲು ಮೇಲೆ. ‘ನಮ್ಮ ಟೀಚರ್ ಹಿಂಗ ಹೇಳ್ಯಾರ’ ಎಂದು ಮನೆಯಲ್ಲಿ ಹಟ ಮಾಡುವಾಗ ಇನ್ನೊಂದು ಮೆಟ್ಟಿಲು. ಹೊಸ ಹಾದಿ ಬಂದರೆ ಹಳೆಯದು ಅಳಿಸುವುದಿಲ್ಲ. ವರ್ಷವರ್ಷ ಸುಣ್ಣ ಬಳಿದ ಗೋಡೆಯನ್ನು ಕೆರೆದರೆ ಯಾರದೋ ಮದುವೆಗೆ ಬಳಿದ ನೀಲಿ ಕಾಣುತ್ತದಲ್ಲ, ಹಾಗೆ. ಆದರೆ ಲಗಾಮು ಮಾತ್ರ ಒಂದರ ಕೈಯಲ್ಲೇ ಇರುತ್ತದೆ. ನಮ್ಮಲ್ಲಿರುವ ಶಬ್ದತರಂಗದ ಟೋಪಿ ಆ ಲಗಾಮನ್ನು ಒಂದರ ಕೈಯಿಂದ ಬಿಡಿಸಿ ಇನ್ನೊಂದರ ಕೈಗೆ ಕೊಡಬಲ್ಲದು, ಟೋಪಿ ತೆಗೆದ ಮೇಲೂ ಅದು ಅಲ್ಲೇ ಉಳಿಯುತ್ತದೆ. ಅದಕ್ಕೊಂದು ಉದ್ದನೆಯ ಹೆಸರಿದೆ. ನಾವೆಲ್ಲ ‘ರುಮಾಲು’ ಎನ್ನುತ್ತೇವೆ. ತಲೆಗೆ ಪೆಟ್ಟು ಬಿದ್ದವರಿಗೆ, ಲಕ್ವ ಹೊಡೆದವರಿಗೆ ಅದನ್ನು ಸುತ್ತುತ್ತೇವೆ.

ನನ್ನ ಪ್ರಶ್ನೆಗೆ ‘ಸವುಳು’ ಎಂದು ಥಟ್ಟನೆ ಹೇಳಿದರೆ ಅಳತೆಯ ಕಾಲ. ಕಿವಿ ಮುಟ್ಟಿಕೊಂಡು ‘ಸವುಳು’ ಎಂದರೆ ನಮ್ಮ ಕಾಲ. ‘ಹಿರ್ಯಾರ್ನ ಕೇಳಬೇಕ್ರಿ’ ಎಂದರೆ ಗ್ರಂಥದ ಕಾಲ. ‘ಯಾವ ಹಾಲಪ್ಪ? ನಾ ಆ ನೀರು ಕುಡದಿಲ್ಲ, ಹೆಂಗ ಹೇಳ್ಲಿ?’ ಎಂದರೆ ಕತೆಯ ಕಾಲ. ಅಂಥವರು ತಾವು ಕಾಣದ ಬಾವಿಯ ಬಗ್ಗೆ ಬರೀ ಮಾತಿನ ಬಲದಿಂದ ಏನೂ ಹೇಳಲಾರರು. ನಮ್ಮ ನಿರ್ದೇಶಕರು ಐದು ಮೆಟ್ಟಿಲಿನ ಒಂದು ಚಿತ್ರ ಬರೆಸಿ ಬಾಗಿಲಲ್ಲೇ ತೂಗುಹಾಕಿದ್ದರು. ಮೇಲಿನ ಮೆಟ್ಟಿಲಿನಲ್ಲಿ ನಿಂತವನ ಮುಖ ಸ್ವಲ್ಪ ಅವರ ಹಾಗೆಯೇ ಇತ್ತು. ಅವರನ್ನು ಕೇಳಿದರೆ ಒಪ್ಪುತ್ತಿರಲಿಲ್ಲ.

*

ಚಂದ್ರಕಾಂತ ಬಡಿಗೇರ ಸರ್ ನನಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. ನಮ್ಮ ತಂದೆ ಹತ್ತಿ ಹಿಂಜಿ ಗಾದಿ ತುಂಬುವವರು. ನದಾಫರ ಹುಡುಗಿ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸುವ ಮಟ್ಟಕ್ಕೆ ಬಂದಿದ್ದರೆ ಅದರ ಅರ್ಧ ಪಾಲು ಸರ್‌ದು. ಧ್ವಜಸ್ತಂಭದ ಎತ್ತರ ಎಷ್ಟು ಎಂದು ಒಮ್ಮೆ ತರಗತಿಯಲ್ಲಿ ಕೇಳಿದರು. ಕಾಲೇಜಿನ ಪುಸ್ತಕದಲ್ಲಿ ಅಚ್ಚಾಗಿದ್ದ ಅಂಕಿ ನನಗೆ ಬಾಯಿಪಾಠ. ಹೇಳಿದೆ.

“ಅಳದ ನೋಡಿದೇನು?” ಎಂದರು.

“ಪುಸ್ತಕದಾಗ ಐತ್ರಿ ಸರ್.”

“ಪುಸ್ತಕ ಅಳದಿತ್ತೇನು?”

ಬಿಸಿಲಿಗೆ ಹೋಗಿ ನೆರಳು ಅಳೆದು ಬಂದೆ. ಪುಸ್ತಕದ ಅಂಕಿ ತಪ್ಪಿತ್ತು. ಅಂದಿನಿಂದ ‘ಅಳದ ನೋಡಿದೇನು?’ ಎನ್ನುವ ಮಾತು ನನ್ನ ಬೆನ್ನಿಗೇ ಇದೆ.

ಗೆಳೆಯ ದೇವೇಂದ್ರ ಹೊಸಮನಿಯವರ ಜೊತೆ ಸೇರಿ ಸರ್ ವಿಚಾರ ವೇದಿಕೆ ಕಟ್ಟಿದ್ದರು. ಕೈಯಿಂದ ವಿಭೂತಿ ಉದುರಿಸುವವರ ಎದುರು ತಾವೂ ವಿಭೂತಿ ಉದುರಿಸಿ ತೋರಿಸುತ್ತಿದ್ದರು. ಸೀಗಿ ಹುಣ್ಣಿಮೆ ಬಂತೆಂದರೆ ಭಾಷಣ ಇರಲೇಬೇಕು. ನಮ್ಮ ಕಡೆ ಆಗ ಭೂಮಿ ಬಸಿರಾಗಿರುತ್ತಾಳೆ ಎಂದು ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುತ್ತಾರೆ, ಅಂದರೆ ಬಯಕೆಯ ಊಟವನ್ನು ಬೆಳೆಗೆ ಎರಚುತ್ತಾರೆ. “ಯಾವ ಡಾಕ್ಟರಗ ತೋರಿಸಿದ್ರಿ? ಎಷ್ಟ ತಿಂಗಳಂತ?” ಎಂದು ಸರ್ ಕೇಳಿದರೆ ಜನ ನಗುತ್ತಿದ್ದರು. ನಕ್ಕು, ಮನೆಗೆ ಹೋಗಿ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು.

ಸರ್ ಸಂಗಾತಿಯನ್ನು ಕಿವಿಗೆ ಹಚ್ಚಿಕೊಂಡವರಲ್ಲ. ಹೆಂಡತಿ ಪ್ರಭಾವತಿಯವರು ಕನ್ಯಾ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ನಾನು ಅಕ್ಕಾರ ಎನ್ನುತ್ತೇನೆ. ಅಕ್ಕಾರು ಬಟ್ಟೆಯನ್ನು ಗೇಣು ಹಾಕಿ ಅಳೆಯುತ್ತಿದ್ದರು. ಸರ್ ಟೇಪು ಹಿಡಿದು ಬಂದು ಗೇಣಿನ ತಪ್ಪು ತೋರಿಸುತ್ತಿದ್ದರು. ಆ ಮನೆಯಲ್ಲಿ ಈ ಜಗಳ ಮದುವೆಯಾದಾಗಿನಿಂದ ನಡೆದಿತ್ತು, ಇಬ್ಬರಿಗೂ ಅದು ಬೇಕಾಗಿಯೂ ಇತ್ತು.

ಒಂದು ಸಂಜೆ ಭಾಷಣ ಮುಗಿಸಿ ಬರುವಾಗ ಸ್ಕೂಟರಿಗೆ ಎಮ್ಮೆ ಅಡ್ಡ ಬಂತು. ಸರ್ ತಲೆಗೆ ಪೆಟ್ಟಾಯಿತು. ಮಿದುಳಿನಲ್ಲಿ ಹಾಳಾದದ್ದು ಸಣ್ಣ ಜಾಗ, ಆದರೆ ಅಳತೆಯ ಹಾದಿಯ ಗಂಟು ಇದ್ದದ್ದು ಅಲ್ಲಿಯೇ. ಬೇರೆಯವರಾಗಿದ್ದರೆ ಉಳಿದ ಹಾದಿಗಳು ಹೇಗೋ ಸಂಭಾಳಿಸುತ್ತಿದ್ದವು. ನಾವೆಲ್ಲ ದಿನಕ್ಕೆ ಹತ್ತು ಸಲ ಹಾದಿ ಬದಲಿಸುವವರು. ಬೈಕು ಕೈಕೊಟ್ಟರೆ ಅದನ್ನು ಬೈಯುತ್ತೇವೆ, ಮಗನಿಗೆ ಜ್ವರ ಬಂದರೆ ದರ್ಗಾಕ್ಕೆ ಹರಕೆ ಹೊರುತ್ತೇವೆ. ಸರ್ ಹಾಗಲ್ಲ. ಉಳಿದ ಬಾಗಿಲುಗಳನ್ನೆಲ್ಲ ತಾವೇ ಜಡಿದು ಒಂದೇ ಬಾಗಿಲಿನಲ್ಲಿ ಓಡಾಡಿದ ಮನುಷ್ಯ. ಆ ಬಾಗಿಲು ಕುಸಿದಾಗ ಒಳಗೇ ಉಳಿದರು. ಕಣ್ಣು ತೆರೆದಿದ್ದವು, ತುತ್ತು ಇಟ್ಟರೆ ನುಂಗುತ್ತಿದ್ದರು, ಮಾತಿಲ್ಲ, ಗುರುತಿಲ್ಲ.

“ರುಮಾಲು ಸುತ್ತಿದ್ರ ಮಾತಾಡಬಹುದು ಅಕ್ಕಾರ. ಆದ್ರ ಲಗಾಮು ಕತೆಯ ಹಾದಿಗೆ ಹೋಗತೈತಿ. ಹಳೇ ಸರ್ ಬರೂದಿಲ್ಲ” ಎಂದೆ.

ಅಕ್ಕಾರು ಸರ್ ಬಾಯಿ ಒರೆಸುತ್ತಿದ್ದರು. “ಬರೂ ಸರ್ ನನ್ನ ಗುರ್ತ ಹಿಡೀತಾರೇನು?”

“ಹಿಡೀಬಹುದು.”

“ಹಂಗಾರ ಸುತ್ತವಾ.”

ಸುತ್ತಿದೆವು. ನಿಯಂತ್ರಣ ಕೋಣೆಯ ಪರದೆಯ ಮೇಲೆ ಎರಡನೆಯ ಹಾದಿ ಮೆಲ್ಲಗೆ ಹೊತ್ತಿಕೊಂಡಿತು, ಜೊತೆಗೆ ಮೊದಲನೆಯದೂ ಅಲ್ಲಲ್ಲಿ ಮಿಣುಕಿತು. ಗಾಜಿನ ಆಚೆ ಸರ್ ತಲೆ ತಿರುಗಿಸಿ ಹೆಂಡತಿಯನ್ನು ನೋಡಿದರು.

“ಪ್ರಭಾ, ಎಮ್ಮಿಗೇನೂ ಆಗ್ಲಿಲ್ಲಲ್ಲ?”

ನಾನು ಅತ್ತೆ. ಅಲ್ಲಿದ್ದವರಲ್ಲಿ ಅಳದವರು ನಿರ್ದೇಶಕರು ಒಬ್ಬರೇ. ಅವರು ಸಮಯ ಗುರುತುಹಾಕಿಕೊಳ್ಳುತ್ತಿದ್ದರು.

*

ಸರ್ ಮನೆಗೆ ಹೋದ ಮೇಲೆ ನಾನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಕಪ್ಪತಗುಡ್ಡದ ಗಾಳಿಗಿರಣಿಗಳು ಅವರ ಹಿತ್ತಲಿನಿಂದ ಕಾಣುತ್ತವೆ. ಮೊದಲು ಅವುಗಳ ರೆಕ್ಕೆಯ ವೇಗ, ಕೋನ ಎಲ್ಲ ಹೇಳುತ್ತಿದ್ದ ಮನುಷ್ಯ ಈಗ, “ಇವತ್ತ ಯಾಕೋ ಮೂರನೇದು ಮುನಿಸ್ಕೊಂಡೈತಿ” ಎನ್ನುತ್ತಿದ್ದರು. ಯಾವುದನ್ನು ಕೇಳಿದರೂ ಒಂದು ಗಾದೆ, ಇಲ್ಲವೇ ಅವರ ಮುತ್ತಜ್ಜ ಬಡಿಗತನಕ್ಕೆ ಹೋದಾಗಿನ ಒಂದು ಕತೆ. ಕತೆಗಳೆಲ್ಲ ಚೆನ್ನಾಗಿದ್ದವು. ಇಷ್ಟು ದಿನ ಎಲ್ಲಿಟ್ಟಿದ್ದರೋ ಎನಿಸುತ್ತಿತ್ತು.

ಹಾಲಪ್ಪನ ಬಾವಿಯ ಪ್ರಶ್ನೆ ಕೇಳಿದಾಗ, “ಯಾವ ಹಾಲಪ್ಪ?” ಎಂದರು. ಗುರುತು ಹಾಕಿಕೊಂಡೆ: ಎರಡನೆಯ ಮೆಟ್ಟಿಲು.

ಅಕ್ಕಾರಿಗೆ ಸಂತೋಷವಿತ್ತೇ ಎಂದರೆ ಇತ್ತು. ಗಂಡ ಎದುರಿಗೆ ಕುಳಿತು ರೊಟ್ಟಿ ತಿನ್ನುತ್ತಿದ್ದ, ಹೆಸರು ಹಿಡಿದು ಕರೆಯುತ್ತಿದ್ದ. ಆದರೆ ಒಂದು ದಿನ ಅಂಗಳದಲ್ಲಿ ನನ್ನ ಕೈ ಹಿಡಿದು ಕೂರಿಸಿಕೊಂಡರು.

“ನಿನ್ನೆ ಕಿಟಕಿ ಪರದೆ ಹೊಲ್ಯಾಕ ಕುಂತಿದ್ನಿ ಶಕೀಲಾ. ಬಟ್ಟಿ ಹಾಸಿ ಗೇಣ ಹಾಕಾಕತ್ತಿದ್ನಿ. ಇವ್ರು ಬಂದ್ರು. ಟೇಪು ತರ್ತಾರಂತ ನಾ ಟೇಪಿನ ಡಬ್ಬಿ ಮುಂದ ಸರಿಸಿದ್ನಿ. ಇವ್ರು ನನ್ನ ಬಾಜೂಕ ಕುಂತು ತಾವೂ ಗೇಣ ಹಾಕಾಕ ಚಾಲೂ ಮಾಡಿದ್ರು.” ನನ್ನ ಕೈ ಬಿಟ್ಟು ಹೇಳಿದರು, “ನನ್ನ ಜೋಡಿ ಜಗಳಾಡಾವ್ರು ಯಾರೂ ಉಳೀಲಿಲ್ಲ ನೋಡು.”

ಚಹಾ ಕುಡಿದು ಬಂದೆ.

ಸೀಗಿ ಹುಣ್ಣಿಮೆ ಬಂತು. ಬೆಳಿಗ್ಗೆ ಎದ್ದವರೇ ಸರ್ ಪಕ್ಕದ ಮನೆಯವರ ಬುತ್ತಿ ಬುಟ್ಟಿಯ ಹಿಂದೆ ಹೊರಟುಬಿಟ್ಟರು. ಹೊಲದಲ್ಲಿ ನಿಂತು ‘ಹುಲ್ಲುಲ್ಲಿಗೋ’ ಎಂದು ಕೂಗಿ ಚರಗ ಚೆಲ್ಲಿದರು. ಬಸುರಿ ತಾಯಿ ಹಸಿದಿರಬಾರದು ಎಂದು ತಮ್ಮ ಪಾಲಿನ ಕಡಬನ್ನೂ ಎರಚಿದರಂತೆ. ಯಾರೋ ಅದರ ಚಿತ್ರ ತೆಗೆದರು. ವಿಭೂತಿ ಉದುರಿಸುವವರ ಕಡೆಯವರು ಅದನ್ನು ಸರ್ ಹಳೆಯ ಭಾಷಣದ ಜೊತೆ ಜೋಡಿಸಿ ಊರೂರಿಗೆ ಹಂಚಿದರು. ‘ನಾಸ್ತಿಕನಿಗೆ ಬುದ್ಧಿ ಬಂತು’ ಎಂದು ಅದಕ್ಕೊಂದು ತಲೆಬರಹ.

ದೇವೇಂದ್ರ ಹೊಸಮನಿಯವರು ಮರುದಿನವೇ ಪ್ರಯೋಗಾಲಯಕ್ಕೆ ಬಂದರು. ಆರಡಿ ಎತ್ತರದ ಮನುಷ್ಯ, ಕುರ್ಚಿಯಲ್ಲಿ ಕುಸಿದು ಕುಳಿತಿದ್ದರು.

“ಮೇಡಂ, ನಂಗ ನಗೂವವರ ಚಿಂತಿಲ್ಲ. ಜೀವನಪೂರ್ತಿ ನಕ್ಕಾರ. ಆದ್ರ ಚಂದ್ರಕಾಂತ ಮೊದಲಿನ ಹಂಗಿದ್ದಿದ್ರ ತನ್ನನ್ನ ತಾ ಹಿಂಗ ನೋಡಿ ಒಪ್ಪತಿದ್ನೇನು? ಅಂವ ಕಟ್ಟಿದ್ದನ್ನ ಅಂವನ ಕೈಲೇ ಕೆಡವಿಸಾಕತ್ತಾರ. ನಿಮ್ಮ ಯಂತ್ರ ಅಂವನ್ನ ಕೆಳಗ ಇಳಿಸೇತಿ. ಮ್ಯಾಲ ಹತ್ತಿಸ್ರಿ.”

ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ತಳ್ಳಿಹಾಕಲು ಆಗಲಿಲ್ಲ.

*

ಮೇಲೆ ಹತ್ತಿಸಲು ಒಂದು ದಾರಿ ಇತ್ತು. ಸತ್ತುಹೋದ ಅಳತೆಯ ಹಾದಿಯನ್ನು ಬದುಕಿಸುವುದು ಸಾಧ್ಯವಿಲ್ಲ. ಆದರೆ ಆ ಜಾಗಕ್ಕೆ ಸಂಗಾತಿಯನ್ನು ನೇರವಾಗಿ ಕೂಡಿಸಬಹುದು. ಸರ್ ನಲವತ್ತು ವರ್ಷ ಮಾಡಿದ ಭಾಷಣ, ಪಾಠ, ಲೇಖನಗಳನ್ನೆಲ್ಲ ಅದಕ್ಕೆ ಉಣಿಸಿದರೆ, ಅವರ ಬಾಯಲ್ಲಿ ಅವರದೇ ಮಾತು ಬರುತ್ತದೆ. ಒಮ್ಮೆ ಕಾಯಂ ಕೂಡಿಸಿದರೆ ಬಿಡಿಸುವಂತಿಲ್ಲ. ಕತೆಯ ಹಾದಿ ಮತ್ತೆ ಮೇಲೇಳುವುದಿಲ್ಲ. ನಿರ್ದೇಶಕರಿಗೆ ಬಹಳ ಉತ್ಸಾಹ. ಎರಡರಿಂದ ನೇರ ಐದನೆಯ ಮೆಟ್ಟಿಲಿಗೆ ಮನುಷ್ಯನನ್ನು ಎತ್ತಿದವರು ಜಗತ್ತಿನಲ್ಲಿ ಇನ್ನೂ ಯಾರೂ ಇರಲಿಲ್ಲ.

ಮೊದಲು ಒಂದು ತಾಸಿನ ಮಟ್ಟಿಗೆ ಕೂಡಿಸಿ ನೋಡಿದೆವು. ಅಕ್ಕಾರು, ಹೊಸಮನಿ ಇಬ್ಬರೂ ಎದುರಿಗಿದ್ದರು. ರುಮಾಲಿನ ಸಣ್ಣ ದೀಪ ಹಸಿರಾಯಿತು. ಸರ್ ಬೆನ್ನು ನೆಟ್ಟಗಾಯಿತು. ನನ್ನನ್ನು ನೋಡಿ, “ನಮಸ್ಕಾರ ಶಕೀಲಾ. ಪ್ರಯೋಗ ಹೇಗೆ ನಡೆದಿದೆ?” ಎಂದರು. ಹೊಸಮನಿಯವರು ಚರಗದ ಬಗ್ಗೆ ಕೇಳಿದರು. ಸರ್ ಒಂದು ಸಲವೂ ತಡವರಿಸದೆ ಆಚರಣೆಯ ಮೂಲ, ಅದರ ಸಾಮಾಜಿಕ ಉಪಯೋಗ, ಅದನ್ನು ಏಕೆ ಬಿಡಬೇಕು, ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದರು. ಹೊಸಮನಿಯವರು ಗೆಳೆಯನ ಎರಡೂ ಕೈ ಹಿಡಿದುಕೊಂಡರು.

ನಾನು ಪ್ರಶ್ನೆ ಕೇಳಿದೆ. ಹಾಲಪ್ಪನ ಬಾವಿಯ ನೀರು ಹೇಗಿದೆ?

“ಸವುಳು” ಎಂದರು ಸರ್, ಮಾತು ಮುಗಿಯುವುದಕ್ಕೆ ಮೊದಲೇ.

ಅಕ್ಕಾರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಅಳದ ನೋಡೀರೇನ್ರಿ?”

“ಲಭ್ಯವಿರುವ ಮಾಹಿತಿಯ ಪ್ರಕಾರ ಹಿರೇಬಾಸೂರಿನ ಅಂತರ್ಜಲ...”

“ಮಾಹಿತಿ ಬ್ಯಾಡ್ರಿ. ನೀವು ನೋಡೀರೇನು?”

“ಮಾಹಿತಿ ವಿಶ್ವಾಸಾರ್ಹವಾಗಿದೆ” ಎಂದು ಸರ್ ನಕ್ಕರು. ನಗು ಅವರದೇ. ಅಕ್ಕಾರ ಪ್ರಶ್ನೆ ನನ್ನ ಎದೆಗೆ ಸರಿಯಾಗಿ ನಾಟಿತು, ಆದರೆ ಏಕೆಂದು ಆಗ ಬಿಡಿಸಿ ಹೇಳಲು ಬರಲಿಲ್ಲ. ಪರದೆಯ ಮೇಲೆ ಎಲ್ಲ ಅಂಕಿಗಳೂ ಸರಿಯಾಗಿದ್ದವು. ಇನ್ನೊಂದು ಸಂಗತಿಯೂ ಅಲ್ಲಿ ಕಾಣುತ್ತಿತ್ತು: ಸಂಗಾತಿ ಮಾತಾಡುವಾಗ ಹೊತ್ತಿಕೊಂಡದ್ದು ಮೂರನೆಯ ಹಾದಿ, ದೊಡ್ಡವರ ಮಾತಿನ ಹಾದಿ. ನಿರ್ದೇಶಕರಿಗೆ ಬೆರಳು ಮಾಡಿ ತೋರಿಸಿದೆ. ಅವರು ಅದನ್ನು ಗದ್ದಲ ಎಂದರು. ನಮ್ಮ ವಿದ್ಯೆಯಲ್ಲಿ, ಬೇಡವಾದ ಸತ್ಯಕ್ಕೆ ಹಾಗೆನ್ನುವ ರೂಢಿ ಇದೆ.

ಒಂದು ತಾಸಾದ ಮೇಲೆ ಸಂಗಾತಿಯನ್ನು ಬಿಡಿಸಿದೆವು. ಕಾಯಂ ಕೂಡಿಕೆಗೆ ರೋಗಿಯದೇ ಒಪ್ಪಿಗೆ ಬೇಕು, ಅದನ್ನು ಯಂತ್ರವಿಲ್ಲದ ತಲೆಯಿಂದಲೇ ಕೊಡಬೇಕು. ಅದಕ್ಕೆ ಮೊದಲು ಪ್ರಶ್ನೆಗೆ ಸರಿ ಉತ್ತರ ಹೇಳಿ ಬುದ್ಧಿ ನೆಟ್ಟಗಿದೆ ಎಂದು ತೋರಿಸಬೇಕು. ಮತ್ತೆ ಕೇಳಿದೆ.

ಸರ್ ಬೆನ್ನು ಬಾಗಿತು. ಬಹಳ ಹೊತ್ತು ಯೋಚಿಸಿದರು. “ನಾ ಆ ನೀರ ಕುಡದಿಲ್ಲವಾ. ಕುಡೀಲಾರದ ಹೆಂಗ ಹೇಳೂದು? ಅಂವ ಎಲ್ಲಿರ್ತಾನ, ಆ ಹಾಲಪ್ಪ? ಹೋಗಿ ನೋಡೂಣು.”

ನಾಪಾಸು. ಹಾಗಾದಾಗ ತೀರ್ಮಾನ ಹತ್ತಿರದ ಸಂಬಂಧಿಗೆ ಬರುತ್ತದೆ. ನಿರ್ದೇಶಕರು ಅಕ್ಕಾರ ಕಡೆ ತಿರುಗಿದರು. ಒಂದು ಕಡೆ ಊರೆಲ್ಲ ಗೌರವಿಸುತ್ತಿದ್ದ ಗಂಡ, ಅವನ ಹಳೆಯ ಮಾತು, ನಿಲುವು. ಇನ್ನೊಂದು ಕಡೆ ಗಾಳಿಗಿರಣಿಯ ಮುನಿಸು ಹೇಳುವ ಈ ಮನುಷ್ಯ. ಇಬ್ಬರಲ್ಲಿ ಒಬ್ಬನನ್ನು ಅವರು ಆರಿಸಬೇಕಾಗಿತ್ತು, ಆರಿಸಿದ ಮೇಲೆ ಇನ್ನೊಬ್ಬ ಇರುವುದಿಲ್ಲ.

“ಸೋಮವಾರ ಹೇಳ್ತೀನ್ರಿ” ಎಂದರು ಅಕ್ಕಾರು. ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು, “ಶಕೀಲಾ, ನೀ ನನ್ನ ಜಾಗಾದಾಗ ಇದ್ದಿದ್ರ ಏನ್ ಮಾಡ್ತಿದ್ದಿ?”

ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ನಾಚಿಕೆಯಾಗಿ ಇಳಿಸಿದೆ. ಅಕ್ಕಾರು ನೋಡಿಯೂ ನೋಡದವರ ಹಾಗೆ ಹೊರಟುಹೋದರು.

*

ಸೋಮವಾರ ಅವರು ಬರುವ ಹೊತ್ತಿಗೆ ನಾವೆಲ್ಲ ಕಾಯುತ್ತಿದ್ದೆವು. ಹೊಸಮನಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸರ್ ಕೈಯಲ್ಲಿ ಒಂದು ಹಿತ್ತಾಳೆಯ ತಂಬಿಗೆ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿತ್ತು. ಅದನ್ನು ನನ್ನ ಮೇಜಿನ ಮೇಲೆ, ಅಂಕಿಅಂಶದ ಪರದೆಯ ಪಕ್ಕ, ಜೋಪಾನವಾಗಿ ಇಟ್ಟರು.

“ಹಾಲಪ್ಪನ ಬಾವಿ ನೀರು” ಎಂದರು.

ನಾನು ಅಕ್ಕಾರ ಮುಖ ನೋಡಿದೆ. “ಅಕ್ಕಾರ, ಹಾಲಪ್ಪಂದು ಬಾವಿನ ಇಲ್ರಿ. ಅದು ನಾ ಹುಟ್ಟಿಸಿದ್ದು.”

“ಅದು ನಂಗೂ ಗೊತ್ತಿತ್ತವಾ. ಇವರಿಗೆ ಹೇಳಿದ್ನಿ, ಕೇಳ್ಲಿಲ್ಲ. ಶಕೀಲಾ ಕೇಳ್ಯಾಳ ಅಂದಮ್ಯಾಲ ಇದ್ದ ಇರತೈತಿ ಅಂದ್ರು. ನಿನ್ನೆ ಮುಂಜಾನಿ ಚಪ್ಪಲಿ ಮೆಟ್ಟಿಕೊಂಡು ಹೊಂಟ್ರು. ಒಬ್ಬರ್ನ ಹೆಂಗ ಬಿಡ್ಲಿ, ನಾನೂ ಹೋದ್ನಿ. ಓಣಿ ಓಣಿ ತಿರುಗಿದ್ವಿ. ಕಟ್ಟಿ ಮ್ಯಾಲ ಕುಂತಾವ್ರನ್ನೆಲ್ಲಾ, ಹಾಲಪ್ಪನ ಬಾವಿ ಎಲ್ಲೈತಿ ಅಂತ ಕೇಳಿದ್ರು. ಇಷ್ಟ ದೊಡ್ಡ ಊರಾಗ ಒಬ್ಬ ಹಾಲಪ್ಪ ಇರಂಗಿಲ್ಲೇನು? ಗಾಣಿಗೇರ ಓಣ್ಯಾಗ ತೋರಿಸಿದ್ರು. ಹಾಲಪ್ಪ ಸತ್ತು ಎಷ್ಟೋ ವರ್ಷ ಆತಂತ. ಸೊಸಿ ಅದಾಳ. ಹಿತ್ತಲದಾಗ ಬಾವಿ, ಮ್ಯಾಲ ತಗಡು ಮುಚ್ಚೇತಿ.”

“ಆಕೀನ ಕೇಳಿದ್ನಿ, ನೀರ ಹೆಂಗೈತಿ ಅಂತ” ಎಂದು ಸರ್ ನಡುವೆ ಬಾಯಿ ಹಾಕಿದರು. “ಎಲ್ಲಾರೂ ಸವುಳ ಅಂತಾರ್ರಿ ಅಂದ್ಲು. ನೀ ಕುಡದೀ ಏನು ಅಂದ್ನಿ. ಇಲ್ರಿ, ಈ ಮನಿಗೆ ಬಂದಾಗಿಂದ ಕುಡೀಬ್ಯಾಡ ಅಂದಾರ, ಅರಿವಿ ಒಗ್ಯಾಕಷ್ಟ ಬಳಸ್ತೀನಿ, ಸಾಬಾಣ ಮಾತ್ರ ಭಾಳ ಛಲೋ ನೊರಿ ಬರ್ತೈತಿ ಅಂದ್ಲು. ಹಗ್ಗಾ ಇಸ್ಕೊಂಡ್ನಿ. ಸೇದಿದ್ನಿ. ಕುಡದ್ನಿ.”

“ಮತ್ತ?” ಎಂದರು ಹೊಸಮನಿ.

ಸರ್ ತಂಬಿಗೆಯ ಬಟ್ಟೆ ಬಿಚ್ಚಿ ಒಂದು ಲೋಟಕ್ಕೆ ಬಗ್ಗಿಸಿ ಅವರ ಮುಂದೆ ಹಿಡಿದರು. ಹೊಸಮನಿಯವರು ಲೋಟ ತೆಗೆದುಕೊಂಡರು. ಇನ್ನೊಂದು ಕೈ ಕಿವಿ ಮುಟ್ಟಿತು. ಒಂದು ಕ್ಷಣ ಕೇಳಿಸಿಕೊಂಡು, “ಹಿರೇಬಾಸೂರಿನ ಬಾವಿ ನೀರು ಕುಡಿಯಾಕ ಯೋಗ್ಯ ಅಲ್ಲಂತ” ಎಂದರು. ಹೇಳಿ ಮುಗಿಸಿದ ಮೇಲೆ ಅವರಿಗೇ ತಾನೇನು ಮಾಡಿದೆ ಎಂಬುದು ಹೊಳೆದಿರಬೇಕು. ನೆತ್ತಿಯವರೆಗೂ ಕೆಂಪಾದರು. ನಲವತ್ತು ವರ್ಷ ಜನರಿಗೆ ‘ಪರೀಕ್ಷೆ ಮಾಡದೆ ನಂಬಬೇಡಿ’ ಎಂದ ಮನುಷ್ಯ. ಲೋಟವನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ನಿಂತರು.

ನಾನೂ ನನ್ನ ಸಂಗಾತಿಯನ್ನು ಕೇಳಿದೆ, ಆದರೆ ಬೇರೆ ಪ್ರಶ್ನೆ: ನಿನಗೆ ಹೇಗೆ ಗೊತ್ತು? ನಗರಸಭೆಯ ವರದಿ ಎಂದಿತು. ಅವರಿಗೆ ಹೇಗೆ ಗೊತ್ತು? ಅದಕ್ಕಿಂತ ಹಳೆಯ ವರದಿ. ಅದರ ಹಿಂದೆ ಇನ್ನೊಂದು. ಎಲ್ಲಕ್ಕೂ ಬುಡದಲ್ಲಿದ್ದದ್ದು, ನಾನು ಹುಟ್ಟುವುದಕ್ಕೂ ಮೊದಲು ಯಾರೋ ಬೀದಿಯ ಬಾವಿಗಳನ್ನಷ್ಟೇ ನೋಡಿ ಮನೆಯೊಳಗಿನ ಬಾವಿಗಳೂ ಹಾಗೆಯೇ ಇರಬಹುದು ಎಂದು ಅಂದಾಜು ಮಾಡಿದ್ದು. ಒಬ್ಬರಿಂದ ಒಬ್ಬರು ಬರೆದುಕೊಳ್ಳುವಾಗ ‘ಅಂದಾಜು’ ಎಂಬ ಮಾತು ಉದುರಿಹೋಗಿತ್ತು. ಅದನ್ನೇ ನಾನು ನನ್ನ ಪ್ರಶ್ನೆಯ ಮೊದಲ ಸಾಲಿನಲ್ಲಿ ಕೂರಿಸಿ, ಜನರ ಬುದ್ಧಿ ಅಳೆಯುತ್ತಿದ್ದೆ.

ನೀರಿನ ಲವಣ ಅಳೆಯುವ ಕಡ್ಡಿ ಪಕ್ಕದ ಕೋಣೆಯಲ್ಲಿತ್ತು. ತಂದು ಲೋಟದಲ್ಲಿ ಅದ್ದಿದೆ. ಅಂಕಿ ನಿಂತಿತು. ನಂಬಿಕೆಯಾಗದೆ ಒರೆಸಿ ಮತ್ತೆ ಅದ್ದಿದೆ. ನಳದಲ್ಲಿ ಬರುವ ಹೊಳೆಯ ನೀರಿಗಿಂತ ಅದರಲ್ಲಿ ಉಪ್ಪು ಕಡಿಮೆ ಇತ್ತು. ನಿರ್ದೇಶಕರು ಕಡ್ಡಿ ಕೆಟ್ಟಿರಬೇಕು ಎಂದರು.

ಅಕ್ಕಾರು ಎದ್ದು ನಿಂತರು. ಧ್ವನಿ ಎತ್ತಲಿಲ್ಲ.

“ನಂದೊಂದು ಮಾತು ಕೇಳ್ರಿ. ಅವತ್ತ ನೀವು ಯಂತ್ರ ಕೂಡಿಸಿದಾಗ ಇವ್ರು ಸವುಳ ಅಂದ್ರು. ನೋಡಲಾರದ ಅಂದ್ರು. ಇವ್ರ ಜೋಡಿ ಇಷ್ಟ ವರ್ಷ ಜಗಳಾಡೇನಿ, ನೋಡಲಾರದ ಒಂದ ಮಾತ ಆಡಿದವ್ರಲ್ಲ. ಅದಕ್ಕ ಜಗಳ ಬರ್ತಿತ್ತು. ಅವತ್ತ ಆ ಕುರ್ಚಿ ಮ್ಯಾಲ ಕುಂತಾವ ಇವ್ರ ಧ್ವನಿ ತಗೊಂಡು ಮಾತಾಡಿದ, ಅಷ್ಟ. ನಿನ್ನೆ ಹಗ್ಗಾ ಹಿಡದು ಬಾವಿ ಕಟ್ಟಿ ಮ್ಯಾಲ ನಿಂತಿದ್ರಲ್ಲ, ಅವ್ರ ನನ್ನ ಗಂಡ. ಲೆಕ್ಕಾ ಬರದಿದ್ರ ಬರವಲ್ದು. ಗಾಳಿಗಿರಣಿ ಮುನಿಸ್ಕೊಂಡ್ರ ಸಮಾಧಾನ ಮಾಡೂಣು. ಕೂಡಿಸೂದು ಬ್ಯಾಡ.”

ನಿರ್ದೇಶಕರು ಏನೋ ಹೇಳಲು ಬಾಯಿ ತೆರೆದರು. ಹೊಸಮನಿಯವರು ಕೈ ಅಡ್ಡ ಹಿಡಿದರು. “ಬಿಡ್ರಿ. ಅವ್ರ ಹೇಳೂದು ಖರೇ ಐತಿ.” ಅವರ ಕಣ್ಣಲ್ಲಿ ನೀರಿತ್ತು. ತಮ್ಮ ಹಳೆಯ ಗೆಳೆಯನನ್ನು ಅವರು ಅವತ್ತು ಕಳೆದುಕೊಂಡರು. ಅದನ್ನು ಸಣ್ಣ ಮಾತು ಎಂದು ನಾನು ಹೇಳಲಾರೆ.

ನನಗೂ ಆಗ ನನ್ನ ತಪ್ಪು ಬಿಡಿಸಿ ಕಂಡಿತು. ಧ್ವಜಸ್ತಂಭದ ಕೆಳಗೆ ನನ್ನನ್ನು ಬಿಸಿಲಿಗೆ ಕಳಿಸಿದ ಮಾತಿಗೂ, ‘ಕುಡೀಲಾರದ ಹೆಂಗ ಹೇಳೂದು’ ಎನ್ನುವ ಮಾತಿಗೂ ನಾನು ಎರಡು ಮೆಟ್ಟಿಲಿನ ಅಂತರ ಇಟ್ಟಿದ್ದೆ. ಕೊನೆಯ ಮೆಟ್ಟಿಲಿನಲ್ಲಿ ನಿಂತಿದ್ದೇವೆ ಎಂದುಕೊಂಡ ನಾವು ಮಾತ್ರ ನೋಡುವುದನ್ನು ಬಿಟ್ಟು, ದೊಡ್ಡವರ ಮಾತಿಗೆ ಕೈಮುಗಿಯುವ ಕಾಲಕ್ಕೆ ಸುಮ್ಮನೆ ಇಳಿದುಬಂದಿದ್ದೆವು. ಈ ಸಲ ದೊಡ್ಡವರು ಕಿವಿಯ ಹಿಂದೆ ಇದ್ದರು.

ಸರ್ ಅಲ್ಲಿಯತನಕ ನನ್ನ ಕೈಯಲ್ಲಿದ್ದ ಕಡ್ಡಿಯನ್ನೇ ಕುತೂಹಲದಿಂದ ನೋಡುತ್ತಿದ್ದರು.

“ಅದಕ್ಕ ಕುಡಿಸಿದಿ. ನೀ ಯಾವಾಗ ಕುಡೀತಿ?”

ಲೋಟ ಎತ್ತಿ ಒಂದು ಗುಟುಕು ಕುಡಿದೆ. ತಣ್ಣಗಿತ್ತು. ಹಿತ್ತಾಳೆಯ ಸ್ವಲ್ಪ ವಾಸನೆ.

“ಹೆಂಗೈತಿ?”

“ಸಿಹಿ ಐತ್ರಿ ಸರ್.”

ಸರ್ ತಲೆ ಅಲ್ಲಾಡಿಸಿದರು, ತರಗತಿಯಲ್ಲಿ ಅಲ್ಲಾಡಿಸುತ್ತಿದ್ದಂತೆಯೇ. ಅಷ್ಟಕ್ಕೇ ಒಪ್ಪುವವರಲ್ಲ. ತಂಬಿಗೆ ಬಗ್ಗಿಸಿ ಲೋಟ ಮತ್ತೆ ತುಂಬಿದರು.

“ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರ ಹಿರ್ಯಾರು. ಇನ್ನೊಂದ ಗುಟುಕು ಕುಡಿ, ಆಮ್ಯಾಲ ಹೇಳು.”